ಕಾಡುಗಿಡಗಳ ಕೊಯ್ಲು ಮತ್ತು ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗ್ರಹಿಸುವವರು, ಕೊಳ್ಳುವವರು, ಹೊರದೇಶಕ್ಕೆ ಕಳಿಸುವವರು ಮಾತಿನಲ್ಲೂ ಪತ್ರದಲ್ಲೂ ತಿರುತಿರುಗಿ ಕೇಳಿದ್ದನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲು ಸುಲಭದ್ದು, ಆಮೇಲೆ ಕೊಯ್ಲಿನ ಕೆಲಸ, ಕೊನೆಗೆ ಕಾನೂನು ಮತ್ತು ಕಾಗದಪತ್ರ. ಒಂದು ಉತ್ತರ ಓದಲು ಇನ್ನೊಂದನ್ನು ಓದಿರಬೇಕಿಲ್ಲ.

## ಮೊದಲ ಪ್ರಶ್ನೆಗಳು

ತಾನಾಗಿ ಹುಟ್ಟಿದ ಗಿಡ, ಕೊಯ್ದರೆ ಮತ್ತೆ ಬರುತ್ತೆ. ಇದಕ್ಕೆಲ್ಲ ನಿಯಮ ಯಾಕೆ?

ಮತ್ತೆ ಬರುತ್ತದೆ, ನಿಜ. ಎಷ್ಟು ಕಾಲಕ್ಕೆ ಬರುತ್ತದೆ ಎಂಬುದೇ ಪ್ರಶ್ನೆ. ಮಳೆ ಬಿದ್ದ ಕೆಲವೇ ವಾರಗಳಲ್ಲಿ ಮೊಣಕಾಲೆತ್ತರ ಬೆಳೆಯುವ ಸೊಪ್ಪಿಗೂ, ಮೊದಲ ಹೂ ಬಿಡಲು ವರ್ಷಗಟ್ಟಲೆ ತೆಗೆದುಕೊಳ್ಳುವ ಬೆಟ್ಟದ ಗೆಡ್ಡೆಗೂ ಒಂದೇ ಲೆಕ್ಕ ಹಾಕಲಾಗದು. ಮನೆಬಳಕೆಗೆ ಒಂದು ಹಿಡಿ ಕಿತ್ತರೆ ಕಾಡಿಗೆ ಗೊತ್ತೇ ಆಗುವುದಿಲ್ಲ. ವ್ಯಾಪಾರದ ಕಥೆ ಬೇರೆ: ಬೇಡಿಕೆ ಟನ್ನಿನಲ್ಲಿ ಬರುತ್ತದೆ, ಕಾಡು ಗ್ರಾಮಿನಲ್ಲಿ ಕೊಡುತ್ತದೆ.

ಮಾರುಕಟ್ಟೆಯಲ್ಲಿರುವ ಔಷಧಿ ಮತ್ತು ಸುಗಂಧ ಸಸ್ಯಗಳ ಪ್ರಭೇದಗಳಲ್ಲಿ ಬಹುಪಾಲು ಇಂದಿಗೂ ಹೊಲದಿಂದಲ್ಲ, ಕಾಡಿನಿಂದಲೇ ಬರುತ್ತವೆ. ಪೊಟ್ಟಣದ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ, ಹಾಗಾಗಿ ಕೊಳ್ಳುವವರಿಗೆ ತಿಳಿಯುವುದೂ ಇಲ್ಲ. 2022ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವರದಿಯೊಂದು ದಿನಬಳಕೆಯ ವಸ್ತುಗಳಲ್ಲಿ ಅಡಗಿರುವ 12 ಕಾಡುಸಸ್ಯಗಳನ್ನು ಎತ್ತಿ ತೋರಿಸಿತು. ಜಟಾಮಾಂಸಿ, ಬ್ರೆಜಿಲ್ ನಟ್, ಆಫ್ರಿಕಾದ ಎಣ್ಣೆಬೀಜದ ಮರಗಳಾದ ಶಿಯಾ ಮತ್ತು ಅರ್ಗಾನ್, ಉತ್ತರ ಅಮೆರಿಕದ ಔಷಧಿ ಗಿಡ ಗೋಲ್ಡನ್‌ಸೀಲ್, ಬೋಸ್ವೆಲಿಯಾ ಮರದ ಧೂಪದ ಅಂಟು ಆ ಪಟ್ಟಿಯಲ್ಲಿವೆ. ಸಾಬೂನು, ಕ್ರೀಮು, ಚಾಕೊಲೇಟು, ಚಹಾ ಪೊಟ್ಟಣ ಎಲ್ಲದರಲ್ಲೂ ಕಾಡಿನ ಒಂದು ಚೂರು ಇರಬಹುದು.

ಎಲೆ ಕೀಳೋದಕ್ಕೂ ಬೇರು ಅಗೆಯೋದಕ್ಕೂ ಅಷ್ಟೊಂದು ವ್ಯತ್ಯಾಸ ಏನು?

ಯಾವ ಭಾಗ ತೆಗೆಯುತ್ತೀರಿ ಎಂಬುದೇ ಗಿಡದ ಹಣೆಬರಹ. ಎಲೆ ಕಿತ್ತರೆ ಗಿಡಕ್ಕೆ ಆ ವರ್ಷದ ಗಳಿಕೆ ಹೋಗುತ್ತದೆ. ಹೂ ಕಿತ್ತರೆ ಆ ವರ್ಷದ ಬೀಜ ಹೋಗುತ್ತದೆ. ಬೇರು ಅಗೆದರೆ ಗಿಡವೇ ಹೋಗುತ್ತದೆ, ಅದು ಮುಂದೆ ಬಿಡಬೇಕಿದ್ದ ಎಲ್ಲ ವರ್ಷಗಳ ಬೀಜವೂ ಜೊತೆಗೆ ಹೋಗುತ್ತದೆ. ತೊಗಟೆ ಮತ್ತು ಅಂಟು ಇವುಗಳ ನಡುವೆ ನಿಲ್ಲುತ್ತವೆ. ಅಲ್ಲಿ ಮರ ಉಳಿಯುವುದು ತೆಗೆಯುವವರ ಕೈಗುಣದ ಮೇಲೆ.

ಇದಕ್ಕೆ ಇನ್ನೂ ಎರಡು ಸಂಗತಿ ಸೇರಿಸಿ ನೋಡಬೇಕು. ಗಿಡ ಬೀಜದಿಂದ ಮಾತ್ರ ಹರಡುತ್ತದೋ, ನೆಲದಡಿಯ ಬಳ್ಳಿಯಿಂದಲೂ ಹರಡುತ್ತದೋ? ಮತ್ತು ಅದು ಎಲ್ಲೆಲ್ಲೂ ಸಿಗುತ್ತದೋ, ಒಂದೆರಡು ಬೆಟ್ಟದಲ್ಲಿ ಮಾತ್ರವೋ? ಹಿಮಾಲಯದ ಎತ್ತರದ ಹುಲ್ಲುಗಾವಲಿನಲ್ಲಿ ಹತ್ತಿರ ಹತ್ತಿರವೇ ಬೆಳೆಯುವ ಜಟಾಮಾಂಸಿ ಮತ್ತು ಕಟುಕರೋಹಿಣಿಗಳಲ್ಲಿ, ನೆಲದಡಿ ಬೇಗ ಕವಲೊಡೆದು ಹಬ್ಬುವ ಕಟುಕರೋಹಿಣಿ ಹೆಚ್ಚು ಕೊಯ್ಲು ತಡೆಯುತ್ತದೆ. ಜಟಾಮಾಂಸಿ ನಿಧಾನ. ಇಬ್ಬರಿಗೂ ಒಂದೇ ಕೋಟಾ ಕೊಟ್ಟರೆ ಒಂದು ಮುಗಿಯುತ್ತದೆ.

ಮೂರರಲ್ಲಿ ಒಂದು ಪಾಲು ತಗೊಂಡು ಎರಡು ಪಾಲು ಬಿಡಿ ಅಂತಾರೆ. ಅಷ್ಟು ಮಾಡಿದರೆ ಸಾಕಲ್ವಾ?

ನೀವೊಬ್ಬರೇ ಹೋಗುವ ಜಾಗವಾದರೆ, ಎಲೆ ಕೀಳುವುದಾದರೆ, ಸಾಕಾಗಬಹುದು. ಆದರೆ ಬೆಳಿಗ್ಗೆ ಒಬ್ಬರು ಮೂರನೇ ಒಂದು ಪಾಲು ತೆಗೆದರು, ಮಧ್ಯಾಹ್ನ ಇನ್ನೊಬ್ಬರು ಬಂದು ಉಳಿದದ್ದರಲ್ಲಿ ಮೂರನೇ ಒಂದು, ಮರುದಿನ ಮತ್ತೊಬ್ಬರು. ಮೂವರೂ ನಿಯಮ ಪಾಲಿಸಿದ್ದಾರೆ. 27 ಗಿಡದಲ್ಲಿ ಉಳಿದದ್ದು 8. ಕೈಗಣತಿಯ ಇಂಥ ನಿಯಮಗಳ ದೋಷ ಇದೇ, ಅವು ಒಬ್ಬ ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯುತ್ತವೆ, ಜಾಗವನ್ನು ಹಿಡಿಯುವುದಿಲ್ಲ. ಯಾರ ಪಾಲಿಗೆ ಯಾವ ಜಾಗ ಎಂಬುದು ತೀರ್ಮಾನವಾಗದೆ ಶೇಕಡಾವಾರು ಮಾತಿಗೆ ಅರ್ಥವಿಲ್ಲ.

ಬಿದ್ದ ಹಣ್ಣು, ಬೀಜ ಆರಿಸಿಕೊಂಡರೆ ಗಿಡಕ್ಕೇನೂ ಆಗಲ್ವಲ್ಲ?

ಮರಕ್ಕೆ ಏನೂ ಆಗುವುದಿಲ್ಲ, ಮರದ ಮಕ್ಕಳಿಗೆ ಆಗುತ್ತದೆ. ಅಮೆಜಾನ್ ಕಾಡಿನ ಬ್ರೆಜಿಲ್ ನಟ್ ಇದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ. ಕಾಯಿ ತಾನಾಗಿ ಬಿದ್ದ ಮೇಲೆಯೇ ಆರಿಸುತ್ತಾರೆ, ಮರಕ್ಕೆ ಕತ್ತಿ ತಾಗುವುದಿಲ್ಲ. ಆದರೂ ದಶಕಗಟ್ಟಲೆ ಬಿರುಸಾಗಿ ಆರಿಸಿದ ಕಡೆಗಳಲ್ಲಿ ದೊಡ್ಡ ಮರಗಳಷ್ಟೇ ಇದ್ದು ಎಳೆಮರಗಳು ಬಹುತೇಕ ಇಲ್ಲವೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಗಟ್ಟಿ ಕಾಯನ್ನು ಒಡೆದು ಬೀಜ ಹೂತಿಡುವುದು ಅಗೂಟಿ ಎಂಬ ದಂಶಕ ಪ್ರಾಣಿ. ಹೂತು ಮರೆತದ್ದು ಮೊಳೆಯುತ್ತದೆ. ಕಾಯೆಲ್ಲ ಮೂಟೆ ಸೇರಿದರೆ ಹೂಳಲು ಅದಕ್ಕೇನೂ ಉಳಿಯುವುದಿಲ್ಲ.

ಇಂಥ ನಷ್ಟ ಬೇಗ ಕಾಣುವುದಿಲ್ಲ. ನೂರಾರು ವರ್ಷ ಬಾಳುವ ಮರದಲ್ಲಿ ಇಳುವರಿ ತಲೆಮಾರುಗಳವರೆಗೆ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಹಣ್ಣು ಬೀಜದ ಕೊಯ್ಲಿನಲ್ಲಿ ಎಣಿಸಬೇಕಾದ್ದು ಮೂಟೆಯನ್ನಲ್ಲ, ಮರದ ಕೆಳಗಿನ ಸಸಿಗಳನ್ನು. ಕೊಂಬೆ ಕಡಿದು ಹಣ್ಣು ಇಳಿಸುವುದಂತೂ ಕೊಯ್ಲೇ ಅಲ್ಲ.

ನಿಷೇಧ ಹಾಕಿಬಿಟ್ಟರೆ ಗಿಡ ಉಳಿಯುತ್ತಲ್ಲ?

ಕೆಲವೊಮ್ಮೆ ಉಳಿಯುತ್ತದೆ. ಬೆರಳೆಣಿಕೆಯಷ್ಟು ಉಳಿದಿರುವ ಗಿಡಕ್ಕೆ ಬೇರೆ ದಾರಿಯೂ ಇಲ್ಲ. ಆದರೆ ಕೊಳ್ಳುವವರು ಇದ್ದೇ ಇರುವಾಗ ನಿಷೇಧ ಹೇರಿದರೆ ಸರಕು ಹಗಲಿನಿಂದ ರಾತ್ರಿಗೆ ಸರಿಯುತ್ತದೆ. ರಾತ್ರಿ ಅಗೆಯುವವರು ಎಳೆಯದು ಬಲಿತದ್ದು ನೋಡುವುದಿಲ್ಲ, ಗುಂಡಿ ಮುಚ್ಚುವುದಿಲ್ಲ. ಕಾಡಿನಿಂದ ಆದಾಯವಿದ್ದ ಜನಕ್ಕೆ ಆ ಕಾಡನ್ನು ಕಾಯುವ ಕಾರಣವೂ ಕಡಿಮೆಯಾಗುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಎಣಿಕೆ ಇರುವ ಕಡೆ ಮಿತಿ, ಎಣಿಕೆ ಇಲ್ಲದ ಕಡೆ ತಡೆ.

## ಕೊಯ್ಲಿನ ಕೆಲಸ

ಬೇರು, ಗೆಡ್ಡೆ ಅಗೆಯೋದೇ ಆದರೆ ಸರಿಯಾದ ಕ್ರಮ ಯಾವುದು?

ಮೂರು ಮಾತು: ಬಲಿತದ್ದನ್ನೇ, ಬೀಜ ಉದುರಿದ ಮೇಲೆಯೇ, ಗುಂಡಿ ಮುಚ್ಚಿಯೇ.

ಬಲಿತಿದೆಯೇ ಎಂದು ತಿಳಿಯಲು ಪ್ರತಿ ಗಿಡಕ್ಕೂ ಒಂದು ಗುರುತಿರುತ್ತದೆ. ಉತ್ತರ ಅಮೆರಿಕದ ಕಾಡು ಜಿನ್ಸೆಂಗ್ ತೆಗೆದುಕೊಳ್ಳಿ. ರಫ್ತಾಗಬೇಕಾದರೆ ಬೇರಿಗೆ ಕನಿಷ್ಠ 5 ವರ್ಷ ಆಗಿರಬೇಕು. ಪ್ರತಿವರ್ಷ ಕಾಂಡ ಒಣಗಿ ಬಿದ್ದಾಗ ಬೇರಿನ ಕತ್ತಿನ ಮೇಲೆ ಒಂದು ಗಾಯದ ಕಲೆ ಉಳಿಯುತ್ತದೆ. ಕತ್ತಿನ ಸುತ್ತಲ ಮಣ್ಣನ್ನು ಬೆರಳಿನಿಂದ ಸರಿಸಿ ಕಲೆ ಎಣಿಸಬೇಕು. ನಾಲ್ಕು ಕಲೆ ಇದ್ದರೆ ಐದು ವರ್ಷದ ಗಿಡ. ಮೂರೇ ಇದ್ದರೆ ಮಣ್ಣು ಮತ್ತೆ ಮುಚ್ಚಿ ಎದ್ದುಬಿಡಿ. ಕೆಂಪಾದ ಹಣ್ಣಿನ ಬೀಜವನ್ನು ಅದೇ ಜಾಗದಲ್ಲಿ ಎರಡೂವರೆ ಸೆಂಟಿಮೀಟರು ಆಳಕ್ಕೆ ಹೂತು ತರಗೆಲೆ ಮುಚ್ಚಬೇಕು. ಅದು ಮೊಳೆಯಲು ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ. ಮುಂದಿನ ವಸಂತದಲ್ಲಿ ಬಂದು ನೋಡಿ ‘ಏನೂ ಹುಟ್ಟಲಿಲ್ಲ’ ಎಂದು ಕೈಬಿಡುವವರು ಬಹಳ.

ಎಲ್ಲ ಬೇರೂ ಗಿಡವನ್ನು ಕೊಲ್ಲಬೇಕಿಲ್ಲ. ದಕ್ಷಿಣ ಆಫ್ರಿಕಾ ಪ್ರದೇಶದ ಒಣನೆಲದಲ್ಲಿ ಬೆಳೆಯುವ ಡೆವಿಲ್ಸ್ ಕ್ಲಾ ಗಿಡಕ್ಕೆ ನೇರ ಇಳಿದ ತಾಯಿಬೇರು ಒಂದು, ಅದರಿಂದ ಪಕ್ಕಕ್ಕೆ ಚಾಚಿದ ಗೆಡ್ಡೆಗಳು ಹಲವು. ವ್ಯಾಪಾರಕ್ಕೆ ಬೇಕಾದ್ದು ಪಕ್ಕದ ಗೆಡ್ಡೆ. ಗಿಡದ ಬುಡದಿಂದ ಸ್ವಲ್ಪ ದೂರದಲ್ಲಿ ಅಗೆದು, ಪಕ್ಕದ ಗೆಡ್ಡೆಗಳಲ್ಲಿ ಕೆಲವನ್ನು ಕತ್ತರಿಸಿಕೊಂಡು, ತಾಯಿಬೇರನ್ನು ಮುಟ್ಟದೆ ಮರಳು ಮುಚ್ಚಿದರೆ ಗಿಡ ಬದುಕುತ್ತದೆ. ಗುಂಡಿ ತೆರೆದೇ ಬಿಟ್ಟರೆ ಬಿಸಿಲಿಗೆ ತಾಯಿಬೇರು ಒಣಗಿ ಸಾಯುತ್ತದೆ. ಒಂದು ನಿಮಿಷದ ಕೆಲಸ, ಅವಸರದಲ್ಲಿ ಎಲ್ಲರೂ ಬಿಡುವುದು ಅದನ್ನೇ.

ತೊಗಟೆ ಸುಲಿದರೆ ಮರ ಯಾಕೆ ಸಾಯುತ್ತೆ? ಸಾಯದ ಹಾಗೆ ತೆಗೆಯೋದು ಹೇಗೆ?

ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ಉಂಗುರದಂತೆ ಸುಲಿದರೆ ಆ ದಾರಿ ಕಡಿದುಹೋಗಿ ಬೇರು ಉಪವಾಸ ಬೀಳುತ್ತದೆ. ನೀರು ಮೇಲೇರುವುದು ಒಳಗಿನ ಮರದ ಭಾಗದಿಂದ, ಆದ್ದರಿಂದ ಎಲೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ‘ಸುಲಿದರೂ ಚೆನ್ನಾಗಿದೆ’ ಎಂದು ಮೋಸಹೋಗುವುದು ಇಲ್ಲಿ.

ಆಫ್ರಿಕಾದ ಬೆಟ್ಟಕಾಡುಗಳ ಪ್ರೂನಸ್ ಆಫ್ರಿಕಾನಾ ಮರಕ್ಕೆ ರೂಪುಗೊಂಡ ವಿಧಾನ ಎದುರುಬದುರು ಕಾಲುಭಾಗದ್ದು. ಎದೆಮಟ್ಟದಲ್ಲಿ 30 ಸೆಂಟಿಮೀಟರಿಗಿಂತ ಕಡಿಮೆ ಅಡ್ಡಳತೆಯ ಮರವನ್ನು ಮುಟ್ಟುವುದಿಲ್ಲ. 30 ಇದ್ದರೆ ಸುತ್ತಳತೆ ಸುಮಾರು 94 ಸೆಂಟಿಮೀಟರು. ಅದನ್ನು ನಾಲ್ಕು ಪಟ್ಟಿ ಮಾಡಿದರೆ ಒಂದೊಂದು ಇಪ್ಪತ್ಮೂರೂವರೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎದುರುಬದುರಾದ ಎರಡು ಪಟ್ಟಿಯನ್ನು ಮೊದಲ ಕೊಂಬೆಯ ತನಕ ಮಾತ್ರ ತೆಗೆಯಬೇಕು. ಉಳಿದೆರಡು ಪಟ್ಟಿ ಹಾಗೇ ಇರಬೇಕು. ಸುಲಿದ ಜಾಗದಲ್ಲಿ ಹೊಸ ತೊಗಟೆ ಪೂರ್ತಿ ಕಟ್ಟಿದ ಮೇಲಷ್ಟೇ, ಅಂದರೆ ಹಲವು ವರ್ಷ ಕಳೆದು, ಇನ್ನೆರಡರ ಸರದಿ.

ಕೆಡುವುದು ಎಲ್ಲಿ? ಮಚ್ಚಿನ ಏಟು ಆಳಕ್ಕೆ ಹೋದಾಗ. ತೊಗಟೆಗೂ ಮರಕ್ಕೂ ನಡುವೆ ಇರುವ ತೇವದ ತೆಳುಪದರವೇ ಹೊಸ ತೊಗಟೆ ಕಟ್ಟುವುದು. ಬ್ಲೇಡು ಅದನ್ನು ಕೆರೆದರೆ ಅಲ್ಲಿ ತೊಗಟೆ ಮತ್ತೆ ಬರುವುದಿಲ್ಲ, ಹುಳ ಬರುತ್ತದೆ. ಗೆರೆಯಷ್ಟನ್ನು ಕೊಯ್ದು, ಚಪ್ಪಟೆ ಮರದ ತುಂಡಿನಿಂದ ಮೀಟಿ ಬಿಡಿಸಬೇಕು. ಸುಡುಬಿಸಿಲಿನ ಒಣದಿನಗಳಲ್ಲಿ ಆ ತೇವದ ಪದರ ಬೇಗ ಒಣಗುತ್ತದೆ, ಆ ದಿನಗಳನ್ನು ಬಿಡಿ.

ಅಂಟು ತೆಗೆಯೋ ಮರಕ್ಕೆ ಎಷ್ಟು ಗಾಯ ಮಾಡಬಹುದು?

ಮರದ ಗಾತ್ರ ನೋಡಿ, ಮತ್ತು ಬಿಡುವಿನ ವರ್ಷ ಕೊಟ್ಟು. ಧೂಪದ ಅಂಟು ಕೊಡುವ ಬೋಸ್ವೆಲಿಯಾ ಮರದಲ್ಲಿ ಅಂಟು ಎಂದರೆ ಗಾಯಕ್ಕೆ ಮರವೇ ಹಚ್ಚಿಕೊಂಡ ಮುಲಾಮು. ಅದನ್ನು ಕೆರೆದು ಮತ್ತೆ ಮತ್ತೆ ಗಾಯ ಮಾಡಿದರೆ ಬೀಜಕ್ಕೆ ಹೋಗಬೇಕಾದ ಶಕ್ತಿ ಅಂಟಿಗೆ ಹೋಗುತ್ತದೆ: ಬೀಜ ಕಡಿಮೆ, ಇರುವುದೂ ಜೊಳ್ಳು. ಗಾಯದಿಂದ ಕೊರೆಹುಳವೂ ಒಳಸೇರುತ್ತದೆ. ಬೋಸ್ವೆಲಿಯಾ ಪ್ಯಾಪಿರಿಫೆರಾ ಪ್ರಭೇದದ ಕಾಡುಗಳಲ್ಲಿ ಎಳೆಮರಗಳೇ ಇಲ್ಲದ ಸ್ಥಿತಿಯಿದ್ದು, ಇಪ್ಪತ್ತು ವರ್ಷದಲ್ಲಿ ಅಂಟಿನ ಉತ್ಪಾದನೆ ಅರ್ಧಕ್ಕೆ ಇಳಿಯಬಹುದೆಂದು 2019ರ ಅಧ್ಯಯನವೊಂದು ಅಂದಾಜಿಸಿತು. ಬೆಂಕಿ ಮತ್ತು ದನಕರುಗಳ ಮೇಯುವಿಕೆಯೂ ಅದಕ್ಕೆ ಕಾರಣ ಎಂಬುದನ್ನು ಮರೆಯಬಾರದು. ಹಾಗಾಗಿ ಅಂಟು ತೆಗೆಯುವುದನ್ನು ನಿಲ್ಲಿಸಿದ ಮಾತ್ರಕ್ಕೆ ಅಲ್ಲಿ ಸಸಿ ಏಳುವುದಿಲ್ಲ, ಬೇಲಿಯೂ ಬೇಕು.

ಎಷ್ಟು ಕೊಯ್ಯಬಹುದು ಅಂತ ಲೆಕ್ಕ ಹಾಕೋದು ಹೇಗೆ? ಅಂದಾಜು ಸಾಕಾಗಲ್ವಾ?

ಸಾಕಾಗುವುದಿಲ್ಲ. ಯಾಕೆ ಎಂದು ಅಂಕಿಯಲ್ಲೇ ನೋಡಿ. ಉದಾಹರಣೆ ಕಲ್ಪಿತ, ವಿಧಾನ ಅಲ್ಲ.

ಬೇರಿಗಾಗಿ ತೆಗೆಯುವ ಒಂದು ಗಿಡ 3 ಹೆಕ್ಟೇರ್ ಜಾಗದಲ್ಲಿದೆ, ಅಂದರೆ 30,000 ಚದರ ಮೀಟರು. ಐದು ಮೀಟರು ಉದ್ದ, ಐದು ಮೀಟರು ಅಗಲದ 40 ಚೌಕಗಳನ್ನು ಹಗ್ಗ ಮತ್ತು ಗೂಟದಿಂದ ಗುರುತು ಮಾಡಿ ಬಲಿತ ಗಿಡಗಳನ್ನು ಎಣಿಸಿದ್ದೀರಿ. ಒಟ್ಟು 260 ಸಿಕ್ಕವು, ಚೌಕಕ್ಕೆ ಸರಾಸರಿ ಆರೂವರೆ. ಇದನ್ನೇ ಇಡೀ ಜಾಗಕ್ಕೆ ಹಿಗ್ಗಿಸಿದರೆ 7,800 ಗಿಡ. ಒಂದರ ಒಣಬೇರು 12 ಗ್ರಾಮು ಎಂದರೆ ಸುಮಾರು 94 ಕಿಲೋ ದಾಸ್ತಾನು. ಹತ್ತನೇ ಒಂದು ತೆಗೆದರೆ ಒಂಬತ್ತು ಕಿಲೋ ಚಿಲ್ಲರೆ.

ಆದರೆ ಗಿಡಗಳು ಹರಡಿಕೊಂಡಿರುವುದಿಲ್ಲ, ಗುಂಪುಗಟ್ಟಿರುತ್ತವೆ. ಹಲವು ಚೌಕದಲ್ಲಿ ಸೊನ್ನೆ, ಒಂದೆರಡರಲ್ಲಿ ಮೂವತ್ತು. ಚೌಕದಿಂದ ಚೌಕಕ್ಕೆ ಏರಿಳಿತ ಇಷ್ಟಿದ್ದರೆ ಸರಾಸರಿಯನ್ನು ನಂಬಲಾಗದು. ನಿಮ್ಮ ಎಣಿಕೆಯ ಪ್ರಮಾಣಿತ ವಿಚಲನೆ, ಅಂದರೆ ಚೌಕಗಳ ಎಣಿಕೆ ಸರಾಸರಿಯಿಂದ ಎಷ್ಟು ಚದುರಿದೆ ಎಂಬುದರ ಅಳತೆ, 8 ಎಂದುಕೊಳ್ಳಿ. ಅದನ್ನು 40ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 1.26, ಅದರ ಎರಡರಷ್ಟನ್ನು ಸರಾಸರಿಯಿಂದ ಕಳೆದರೆ ಚೌಕಕ್ಕೆ 4. ಕೋಟಾ ಕಟ್ಟಬೇಕಾದ್ದು ಈ ಕೆಳಮಿತಿಯ ಅಂಕಿಯ ಮೇಲೆ: 4,800 ಗಿಡ, 57.6 ಕಿಲೋ, ಹತ್ತನೇ ಒಂದು ಎಂದರೆ 5.8 ಕಿಲೋ. ಹಸಿಯಲ್ಲಿ ತೂಗಿದರೆ ಇಪ್ಪತ್ತು ಕಿಲೋ, ಒಂದು ಗೋಣಿಚೀಲವೂ ತುಂಬುವುದಿಲ್ಲ. ಸರಾಸರಿ ನಂಬಿ ಕೊಯ್ದಿದ್ದರೆ ಒಂದೂವರೆ ಪಟ್ಟಿಗಿಂತ ಹೆಚ್ಚು ಹೋಗುತ್ತಿತ್ತು.

ಹತ್ತನೇ ಒಂದು ಎಂಬುದೂ ವೇದವಾಕ್ಯವಲ್ಲ. ಬೇರು ಬಲಿಯಲು ಎಂಟು ವರ್ಷ ಬೇಕಾದರೆ ಜಾಗವನ್ನು ಎಂಟು ತುಂಡು ಮಾಡಿ ವರ್ಷಕ್ಕೊಂದರಲ್ಲಿ ಅಗೆಯುವುದು ಇನ್ನೊಂದು ದಾರಿ. ಅಲ್ಲೂ ಬೀಜಕ್ಕೆಂದು ಕೆಲವು ಬಲಿತ ಗಿಡ ಬಿಡಲೇಬೇಕು. ಎರಡರಲ್ಲಿ ಯಾವುದನ್ನು ಮಾಡಿದರೂ ಒಂದಿಷ್ಟು ಚೌಕಗಳನ್ನು ಮುಟ್ಟದೆ ಕಾದಿರಿಸಿ, ಎರಡು ಮೂರು ವರ್ಷಕ್ಕೊಮ್ಮೆ ಅದೇ ಗೂಟಗಳ ನಡುವೆ ಎಣಿಸಿ. ಕೊಯ್ದ ಚೌಕದಲ್ಲೂ ಕೊಯ್ಯದ ಚೌಕದಲ್ಲೂ ಗಿಡ ಒಂದೇ ರೀತಿ ಕಡಿಮೆಯಾಗುತ್ತಿದ್ದರೆ ಕಾರಣ ನಿಮ್ಮ ಕೊಯ್ಲಲ್ಲ, ಬೇರೇನೋ. ಕೊಯ್ದದ್ದರಲ್ಲಿ ಮಾತ್ರ ಕಡಿಮೆಯಾದರೆ ಕೋಟಾ ಇಳಿಸಿ.

ಹತ್ತು ಕಿಲೋ ಸೊಪ್ಪು ತಂದೆ, ಒಣಗಿದ ಮೇಲೆ ಎರಡೇ ಕಿಲೋ. ಅದೂ ಬೂಷ್ಟು ಹಿಡೀತು. ಎಲ್ಲಿ ತಪ್ಪಿದೆ?

ತೂಕದಲ್ಲಿ ತಪ್ಪಿಲ್ಲ. ಎಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ಕಿಲೋ ಹಸಿಗೆ ಒಂದು ಕಿಲೋ ಒಣ, ಬೇರು ಮೂರು ನಾಲ್ಕು ಕಿಲೋಗೆ ಒಂದು. ಬೂಷ್ಟಿಗೆ ಕಾರಣ ಹೆಚ್ಚಾಗಿ ಪ್ಲಾಸ್ಟಿಕ್ ಚೀಲ. ಎಲೆ ಮುಟ್ಟಿದರೆ ಗರಿಗರಿ ಎನ್ನುತ್ತದೆ, ದಂಟಿನೊಳಗೆ ತೇವ ಇರುತ್ತದೆ. ಚೀಲ ಕಟ್ಟಿದ ಮೇಲೆ ಆ ತೇವ ಎಲೆಗೆ ಹರಡುತ್ತದೆ. ದಂಟು ಬಾಗದೆ ಪಟ್ಟನೆ ಮುರಿಯಬೇಕು. ದಪ್ಪ ಬೇರನ್ನು ತೊಳೆದು, ಒಂದು ಸೆಂಟಿಮೀಟರಿಗಿಂತ ತೆಳ್ಳಗೆ ಹೆಚ್ಚದೆ ಒಣಗಿಸಿದರೆ ನಡುವೆ ಹಸಿ ಉಳಿಯುತ್ತದೆ. ಸುಗಂಧದ ಎಲೆಗೆ ನೆರಳು ಮತ್ತು ಗಾಳಿ, 40 ಡಿಗ್ರಿ ದಾಟದ ಬಿಸಿ. ರಸ್ತೆಯ ಮೇಲೆ ಹರಡಬೇಡಿ. ಡಾಂಬರು, ಹೊಗೆ, ಮಣ್ಣು ಮೂರೂ ಸೇರುತ್ತವೆ.

ಹಾಳಾದ ಪ್ರತಿ ಕಿಲೋಗೆ ಕಾಡಿನಲ್ಲಿ ಮತ್ತೆ ನಾಲ್ಕೈದು ಕಿಲೋ ಕೊಯ್ಯಬೇಕಾಗುತ್ತದೆ. ಒಣಗಿಸುವ ಅಟ್ಟಣೆ ಸರಿಮಾಡುವುದೂ ಸಂರಕ್ಷಣೆಯ ಕೆಲಸವೇ.

ನೋಡೋಕೆ ಒಂದೇ ತರ ಇರೋ ಗಿಡ ಸೇರಿಹೋದರೆ ಏನಾಗುತ್ತೆ?

ಪ್ರಾಣ ಹೋಗಬಹುದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ಸ್ಟೆಫಾನಿಯಾ ಬೇರಿನ ಬದಲು ಅರಿಸ್ಟೊಲೋಕಿಯಾ ಬೇರು ಸೇರಿಹೋಯಿತು. ಚೀನಿ ಭಾಷೆಯಲ್ಲಿ ಎರಡರ ವ್ಯಾಪಾರದ ಹೆಸರೂ ಹತ್ತಿರ ಹತ್ತಿರ. ಸೇವಿಸಿದ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡ ಕೆಟ್ಟಿತು. ಆದ್ದರಿಂದ ಚೀಟಿಯಲ್ಲಿ ಆಡುಹೆಸರಿನ ಜೊತೆಗೆ ವೈಜ್ಞಾನಿಕ ಹೆಸರು ಇರಲೇಬೇಕು. ಪ್ರತಿ ಜಾಗದಿಂದ ಹೂ, ಎಲೆ, ಬೇರು ಕೂಡಿದ ಒಂದು ಪೂರ್ತಿ ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ದಿನಾಂಕ ಮತ್ತು ಜಾಗ ಬರೆದು ಇಡಿ. ಗಿಡವನ್ನು ಹೂವಿನ ಕಾಲದಲ್ಲಿ ಗುರುತಿಸಿ, ಬೇರನ್ನು ಆಮೇಲೆ ಅಗೆಯುವುದಾದರೆ ಬಣ್ಣದ ದಾರ ಕಟ್ಟಿ ಬನ್ನಿ. ಹೂ ಉದುರಿದ ಮೇಲೆ ಎಲ್ಲ ಗಿಡವೂ ಒಂದೇ ತರ ಕಾಣುತ್ತದೆ.

## ಕಾನೂನು, ಪರವಾನಗಿ, ಕಾಗದ

ಕಾಡಿನಿಂದ ಕೊಯ್ದು ಹೊರದೇಶಕ್ಕೆ ಕಳಿಸಬೇಕಾದರೆ ಯಾವ ಯಾವ ಅನುಮತಿ ಬೇಕಾಗುತ್ತೆ?

ದೇಶದಿಂದ ದೇಶಕ್ಕೆ ವಿವರ ಬೇರೆ, ಸರಪಳಿ ಬಹುತೇಕ ಒಂದೇ. ಮೊದಲು ಜಾಗದ ಒಡೆಯರ ಒಪ್ಪಿಗೆ. ಸರ್ಕಾರಿ ಕಾಡಾದರೆ ಅರಣ್ಯ ಇಲಾಖೆ, ಖಾಸಗಿಯಾದರೆ ಮಾಲೀಕರು, ಸಮುದಾಯದ್ದಾದರೆ ಸಮುದಾಯ. ಆಮೇಲೆ ಕೊಯ್ಲಿನ ಪರವಾನಗಿ: ಯಾವ ಗಿಡ, ಯಾವ ಭಾಗ, ಎಷ್ಟು, ಯಾವ ತಿಂಗಳು. ಸಾಗಿಸಲು ರಹದಾರಿ. ಹೊರದೇಶಕ್ಕಾದರೆ ರೋಗ ಮತ್ತು ಕೀಟ ಇಲ್ಲವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ, ಮತ್ತು ಗಿಡ ಸೈಟಿಸ್ ಎಂಬ, ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದ್ದರೆ ಸೈಟಿಸ್ ಪರವಾನಗಿ. ಇವೆರಡನ್ನೂ ಒಂದೇ ಎಂದು ತಿಳಿದು ಬಂದರಿನಲ್ಲಿ ಸರಕು ಸಿಕ್ಕಿಹಾಕಿಸಿಕೊಂಡವರಿದ್ದಾರೆ. ಮೊದಲನೆಯದು ಗಿಡದಿಂದ ರೋಗ ಹರಡದಿರಲಿ ಎಂದು, ಎರಡನೆಯದು ವ್ಯಾಪಾರದಿಂದ ಗಿಡ ಅಳಿಯದಿರಲಿ ಎಂದು.

ಸೈಟಿಸ್ ಪಟ್ಟಿಯಲ್ಲಿದೆ ಅಂದರೆ ಮಾರಲೇಬಾರದು ಅಂತಾನಾ?

ಬಹುತೇಕ ಅಲ್ಲ. ಸೈಟಿಸ್ ಎಂಬುದು ಅಳಿವಿನಂಚಿನ ಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ. 1973ರ ಮಾರ್ಚ್ 3ರಂದು ಸಹಿಯಾಗಿ 1975ರ ಜುಲೈ 1ರಿಂದ ಜಾರಿಗೆ ಬಂತು. ಪಟ್ಟಿಯಲ್ಲಿ 40,000ಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಹುಪಾಲು ಸಸ್ಯಗಳು, ಅವುಗಳಲ್ಲೂ ಬಹುಪಾಲು ಆರ್ಕಿಡ್‌ಗಳು.

ಈ ಪಟ್ಟಿಗೆ ಮೂರು ಅನುಬಂಧಗಳಿವೆ. ಒಂದನೇ ಅನುಬಂಧದಲ್ಲಿರುವ ಗಿಡವನ್ನು ಕಾಡಿನಿಂದ ತೆಗೆದು ದೇಶದೇಶಗಳ ನಡುವೆ ಮಾರುವಂತಿಲ್ಲ. ಹಿಮಾಲಯದ ಸುಗಂಧ ಬೇರಿನ ಗಿಡವಾದ ಕೋಷ್ಠ ಅಲ್ಲಿದೆ. ಎರಡನೇ ಅನುಬಂಧದ್ದಕ್ಕೆ ರಫ್ತು ಪರವಾನಗಿ ಬೇಕು, ಮಾರಬಹುದು. ಜಟಾಮಾಂಸಿ, ಕಟುಕರೋಹಿಣಿ, ರಕ್ತಚಂದನ, ಅಗರು, ಅಮೆರಿಕದ ಜಿನ್ಸೆಂಗ್, ಗೋಲ್ಡನ್‌ಸೀಲ್ ಎಲ್ಲ ಇಲ್ಲಿವೆ. ರೋಡಿಯೋಲಾ ಎಂಬ ಔಷಧಿ ಗಿಡಗಳ ಕುಲವನ್ನು ಸೇರಿಸುವ ತೀರ್ಮಾನ 2022ರದು. ಮೂರನೆಯದರಲ್ಲಿ ಒಂದು ದೇಶ ತನ್ನ ಗಿಡವನ್ನು ತಾನೇ ಸೇರಿಸಿ ಉಳಿದವರ ಸಹಕಾರ ಕೇಳುತ್ತದೆ. ಗ್ನೀಟಮ್ ಮೊಂಟಾನಮ್ ಎಂಬ ಬಳ್ಳಿಯನ್ನು ನೇಪಾಳ ಹಾಗೆ ಸೇರಿಸಿದೆ.

ನೆನಪಿಡಬೇಕಾದ್ದು: ಸೈಟಿಸ್ ಗಡಿ ದಾಟುವ ವ್ಯಾಪಾರಕ್ಕೆ ಮಾತ್ರ. ದೇಶದೊಳಗಿನ ಕಾನೂನು ಅದಕ್ಕಿಂತ ಬಿಗಿ ಇರಬಹುದು. ಸೈಟಿಸ್ ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಗಿಡ ಸುಖವಾಗಿದೆ ಎಂದೂ ಅಲ್ಲ.

ಪುಡಿ ಅಥವಾ ಎಣ್ಣೆ ಮಾಡಿಬಿಟ್ಟರೆ ಪರವಾನಗಿ ಬೇಡ್ವಂತೆ, ನಿಜಾನಾ?

ಸೈಟಿಸ್ ಪಟ್ಟಿಯಲ್ಲಿ ಗಿಡದ ಹೆಸರಿನ ಮುಂದಿರುವ ಟಿಪ್ಪಣಿ ಸಂಖ್ಯೆ ನೋಡದೆ ಇದಕ್ಕೆ ಉತ್ತರವಿಲ್ಲ. ಅಮೆರಿಕದ ಜಿನ್ಸೆಂಗಿನಲ್ಲಿ ಇಡೀ ಬೇರು, ಹೆಚ್ಚಿದ ಬೇರು, ಬೇರಿನ ತುಂಡುಗಳಿಗಷ್ಟೇ ನಿಯಮ. ಪುಡಿ, ಮಾತ್ರೆ, ಸಾರ, ಚಹಾ ಹೊರಗೆ. ಜಟಾಮಾಂಸಿಯಲ್ಲಿ ಹಾಗಲ್ಲ. ಬೀಜ, ಪರಾಗ ಮತ್ತು ಚಿಲ್ಲರೆ ಮಾರಾಟಕ್ಕೆ ಸಿದ್ಧವಾಗಿ ಕಟ್ಟಿದ ವಸ್ತು ಬಿಟ್ಟು ಎಲ್ಲವೂ ನಿಯಮದೊಳಗೆ. ಅಂದರೆ ಲೇಬಲ್ ಹಚ್ಚಿದ ಸಣ್ಣ ಶೀಶೆಯ ಎಣ್ಣೆಗೆ ಪರವಾನಗಿ ಬೇಡ, ಅದೇ ಎಣ್ಣೆ ಡ್ರಮ್ಮಿನಲ್ಲಿ ಹೋದರೆ ಬೇಕು. ಅಗರಿನಲ್ಲಿ ಚಿಲ್ಲರೆ ವಸ್ತುಗಳಿಗೆ ವಿನಾಯಿತಿ ಇದ್ದರೂ ಮರದ ಚೂರು, ಮಣಿ, ಜಪಮಾಲೆ, ಕೆತ್ತನೆಗಳಿಗೆ ಇಲ್ಲ. ಪ್ರಯಾಣಿಕರು ಸ್ವಂತಕ್ಕೆ ಒಯ್ಯುವ ಅಗರಿಗೆ ಬೇರೆ ಮಿತಿ: ಒಬ್ಬರಿಗೆ 1 ಕಿಲೋ ಚೂರು, 24 ಮಿಲಿಲೀಟರು ಎಣ್ಣೆ, ಎರಡು ಮಾಲೆ. ಈ ರಿಯಾಯಿತಿಯನ್ನು ಒಪ್ಪದ ದೇಶವೂ ಇರಬಹುದು, ಹೊರಡುವ ಮೊದಲು ಕೇಳಿಕೊಳ್ಳಿ.

ನಮ್ಮದು ನರ್ಸರಿ ಗಿಡ. ಕಾಡಿನದ್ದಲ್ಲ ಅಂತ ತೋರಿಸೋದು ಹೇಗೆ?

ಸೈಟಿಸ್ ಪರವಾನಗಿಯಲ್ಲಿ ಸರಕಿನ ಮೂಲಕ್ಕೊಂದು ಅಕ್ಷರ ಇರುತ್ತದೆ. ಕಾಡಿನದ್ದಕ್ಕೆ ಡಬ್ಲ್ಯೂ, ಕೃತಕವಾಗಿ ಬೆಳೆಸಿದ್ದಕ್ಕೆ ಎ. ಎರಡರ ನಡುವಿನದ್ದಕ್ಕೆ, ಅಂದರೆ ಕಾಡಿನಲ್ಲೇ ಮನುಷ್ಯರ ಆರೈಕೆಯಿಂದ ಬೆಳೆದದ್ದಕ್ಕೆ, 2019ರಲ್ಲಿ ವೈ ಬಂತು. ಎ ಬೇಕಾದರೆ ತಾಯಿಗಿಡಗಳನ್ನು ಕಾನೂನುಬದ್ಧವಾಗಿ ತಂದ ದಾಖಲೆ, ಬಿತ್ತಿದ ಅಥವಾ ಕಸಿಮಾಡಿದ ದಿನಾಂಕ, ಒಟ್ಟಿಗೆ ಬೆಳೆಸಿದ ಪ್ರತಿ ಗುಂಪಿನ ಗುರುತು ಸಂಖ್ಯೆ ಇರಬೇಕು. ಕಾಡಿನಿಂದ ಕಿತ್ತು ಆರು ತಿಂಗಳು ಕುಂಡದಲ್ಲಿಟ್ಟದ್ದು ನರ್ಸರಿ ಗಿಡ ಆಗುವುದಿಲ್ಲ.

ತಪಾಸಣೆಯವರು ಕಾಗದಕ್ಕಿಂತ ಮೊದಲು ಗಿಡವನ್ನೇ ನೋಡುತ್ತಾರೆ. ನರ್ಸರಿ ಕಳ್ಳಿಗಳು ಅಣ್ಣತಮ್ಮಂದಿರ ಹಾಗೆ ಒಂದೇ ಅಳತೆ, ಬೇರು ಕುಂಡದ ಆಕಾರಕ್ಕೆ ಸುತ್ತಿಕೊಂಡಿರುತ್ತದೆ. ಕಾಡಿನದ್ದರಲ್ಲಿ ಗಾತ್ರ ಹೆಚ್ಚುಕಡಿಮೆ, ಬುಡದಲ್ಲಿ ಬಿಸಿಲು ತಿಂದ ಕಲೆ, ಕೀಟ ಕೊರೆದ ಗುರುತು, ಮುರಿದ ಬೇರು.

ಕೋಷ್ಠದಂತೆ ಒಂದನೇ ಅನುಬಂಧದ ಗಿಡವನ್ನೂ ಕೃತಕವಾಗಿ ಬೆಳೆಸಿದರೆ ಎರಡನೇ ಅನುಬಂಧದ್ದೆಂದು ಪರಿಗಣಿಸಿ ಮಾರಲು ಅವಕಾಶವಿದೆ. ಹಾಗೆಂದು ಬೆಳೆಸಿದ ತಕ್ಷಣ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ ಎನ್ನಬೇಡಿ. ಕಾಡಿನ ಜಿನ್ಸೆಂಗ್ ಬೇರಿಗೆ ಹೊಲದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ ಇರುವ ತನಕ ಅಗೆಯುವವರು ಅಗೆಯುತ್ತಾರೆ.

ಪರವಾನಗಿ ಕೊಡೋ ಮೊದಲು ‘ಹಾನಿಯಿಲ್ಲ’ ಅಂತ ತೀರ್ಮಾನ ಬೇಕಂತೆ. ಅದು ಯಾರ ಕೆಲಸ?

ಸೈಟಿಸ್ ಪಟ್ಟಿಯ ಎರಡನೇ ಅನುಬಂಧದ ಗಿಡಕ್ಕೆ ರಫ್ತು ಪರವಾನಗಿ ನೀಡುವುದು ಆ ದೇಶದ ಆಡಳಿತ ಪ್ರಾಧಿಕಾರ. ಅದಕ್ಕೂ ಮೊದಲು ವೈಜ್ಞಾನಿಕ ಪ್ರಾಧಿಕಾರ ಈ ರಫ್ತಿನಿಂದ ಪ್ರಭೇದದ ಉಳಿವಿಗೆ ಧಕ್ಕೆಯಿಲ್ಲ ಎಂದು ಹೇಳಬೇಕು. ಸರಕನ್ನು ಕಾನೂನಿನಂತೆ ಪಡೆದದ್ದು ಎಂಬುದೂ ಖಚಿತವಾಗಬೇಕು. ಬಹುವಾರ್ಷಿಕ ಸಸ್ಯಗಳಿಗೆ ಒಂಬತ್ತು ಹಂತದ ಮಾರ್ಗಸೂಚಿ ಬಳಕೆಯಲ್ಲಿದೆ: ಗಿಡ ಯಾವುದೆಂದು ಖಚಿತವಾಗಿ ಗುರುತಿಸುವುದರಿಂದ ಶುರುವಾಗಿ ಅಪಾಯ, ಕೊಯ್ಲಿನ ಪರಿಣಾಮ, ವ್ಯಾಪಾರದ ಪ್ರಮಾಣ, ನಿರ್ವಹಣೆ ಎಲ್ಲ ನೋಡುತ್ತದೆ.

ಕಾಗದದ ಮೇಲಷ್ಟೇ ಹಾನಿಯಿಲ್ಲ ಎಂದು ಬರೆದರೆ ಕೊಳ್ಳುವ ದೇಶ ಒಪ್ಪಬೇಕಿಲ್ಲ. ಕ್ಯಾಮರೂನಿನಿಂದ ಬರುತ್ತಿದ್ದ ಪ್ರೂನಸ್ ಆಫ್ರಿಕಾನಾ ತೊಗಟೆಯನ್ನು ಐರೋಪ್ಯ ಒಕ್ಕೂಟ 2007ರಲ್ಲಿ ತಡೆಹಿಡಿಯಿತು. ಕಾಡಿನಲ್ಲಿ ಮರ ಎಣಿಸಿ ಯೋಜನೆ ಮಾಡಿದ ಮೇಲೆಯೇ ಬಾಗಿಲು ಮತ್ತೆ ತೆರೆದದ್ದು. ರಫ್ತು ಪರವಾನಗಿ ಸಿಕ್ಕಮೇಲೆ ಅದರ ಆಯುಷ್ಯ ಆರು ತಿಂಗಳು. ಒಂದು ರವಾನೆಗೆ ಒಂದು. ಗಡುವು ದಾಟಿದರೆ ಮತ್ತೆ ಮೊದಲಿನಿಂದ.

ಸಾವಯವ ಪ್ರಮಾಣಪತ್ರ ಇದ್ದರೆ ಸುಸ್ಥಿರ ಅಂತಲೇ ಅರ್ಥ ಅಲ್ವಾ?

ಪೂರ್ತಿ ಅಲ್ಲ. ಕಾಡಿನ ಸಂಗ್ರಹಕ್ಕೂ ಸಾವಯವ ಪ್ರಮಾಣಪತ್ರ ಸಿಗುತ್ತದೆ. ಹಿಂದಿನ ಮೂರು ವರ್ಷ ಅಲ್ಲಿ ನಿಷಿದ್ಧ ರಾಸಾಯನಿಕ ಬಿದ್ದಿರಬಾರದು, ಕೊಯ್ಲಿನಿಂದ ಆ ಜಾಗಕ್ಕೆ ಹಾನಿಯಾಗಬಾರದು ಎಂಬ ಷರತ್ತೂ ಇದೆ. ಆದರೆ ತಪಾಸಣೆಯ ಒತ್ತು ರಾಸಾಯನಿಕದ ಮೇಲೆ. ಕಾಡಿನ ಸಂಗ್ರಹಕ್ಕೆಂದೇ ಇರುವುದು ಫೇರ್‌ವೈಲ್ಡ್ ಮಾನದಂಡ. ಅದರ ಪ್ರತಿಷ್ಠಾನ 2008ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾಯಿತು. ಅದು ದಾಸ್ತಾನು ಎಣಿಕೆ, ಕೊಯ್ಲಿನ ಮಿತಿ, ಸಂಗ್ರಾಹಕರಿಗೆ ಸಿಗುವ ಹಣ ಮೂರನ್ನೂ ನೋಡುತ್ತದೆ. ಕೊನೆಯದು ಕರುಣೆಯ ಮಾತಲ್ಲ. ಕಿಲೋಗೆ ಪುಡಿಗಾಸು ಸಿಗುವವರಿಗೆ ಎಳೆಬೇರು ಬಿಟ್ಟುಬರುವ ಅನುಕೂಲವೇ ಇರುವುದಿಲ್ಲ.

ಗಿಡದ ಮೇಲೆ ಸಂಶೋಧನೆ ಮಾಡಿ ಹೊಸ ಉತ್ಪನ್ನ ತಂದರೆ ಊರವರಿಗೆ ಪಾಲು ಕೊಡಬೇಕಾ?

ಆ ಗಿಡದ ದೇಶ, ಗಿಡ ಪ್ರಾಣಿಗಳ ಸಂಶೋಧನೆಯ ಲಾಭ ಹಂಚಿಕೆಯ ನಗೋಯಾ ಒಪ್ಪಂದಕ್ಕೆ ತಕ್ಕ ಕಾನೂನು ಮಾಡಿದ್ದರೆ, ಕೊಡಬೇಕಾಗುತ್ತದೆ. ಒಪ್ಪಂದ 2010ರದು, ಜಾರಿ 2014ರ ಅಕ್ಟೋಬರ್ 12ರಿಂದ. ಸಂಪನ್ಮೂಲವನ್ನು, ಅದರ ಬಗ್ಗೆ ಜನರಲ್ಲಿರುವ ಪಾರಂಪರಿಕ ತಿಳಿವಳಿಕೆಯನ್ನು ಬಳಸುವ ಮೊದಲೇ ಒಪ್ಪಿಗೆ ಪಡೆದು, ಲಾಭದ ಪಾಲಿನ ಕರಾರು ಮಾಡಿಕೊಳ್ಳಬೇಕು. ಉತ್ಪನ್ನ ಬಂದ ಮೇಲೆ ನೋಡೋಣ ಎಂದವರು ಪೇಟೆಂಟ್ ಹಂತದಲ್ಲಿ ಸಿಕ್ಕಿಬೀಳುತ್ತಾರೆ.

ಕೊಳ್ಳೋರು ನಾವು, ಕಾಡಿಗೆ ಹೋಗಿಲ್ಲ. ಸರಕು ಸರಿಯಾದ ಕಡೆಯಿಂದ ಬಂದಿದೆ ಅಂತ ಹೇಗೆ ಗೊತ್ತಾಗಬೇಕು?

ಮೂಟೆ ಬಿಚ್ಚಿ, ಕಾಗದ ಪಕ್ಕದಲ್ಲಿಟ್ಟುಕೊಂಡು ನಾಲ್ಕು ಕಡೆ ತಾಳೆ ಹಾಕಿ.

ಒಂದು, ತಿಂಗಳು. ಬೀಜ ಉದುರುವುದು ಶರತ್ಕಾಲದಲ್ಲಾದರೆ, ಬೇಸಿಗೆಯ ತಾರೀಖಿನ ಬೇರು ಎಲ್ಲಿಂದ ಬಂತು? ಎರಡು, ಗಾತ್ರ. ಲಾಟಿನಿಂದ ನೂರು ಬೇರು ಹೆಕ್ಕಿ ದಪ್ಪ, ಸಣ್ಣ ಎಂದು ಬೇರ್ಪಡಿಸಿ. ಸಣ್ಣವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಬಲಿತ ಗಿಡ ಮುಗಿಯುತ್ತಿದೆ ಎಂದೇ ಅರ್ಥ. ಈ ಎಣಿಕೆಯನ್ನು ಪ್ರತಿ ಹಂಗಾಮಿನಲ್ಲಿ ಬರೆದಿಡಿ. ಮೂರು, ಜಾಗ. ಚೀಟಿಯಲ್ಲಿ ಜಿಲ್ಲೆಯ ಹೆಸರಷ್ಟೇ ಇದ್ದು ಕಾಡಿನ ತುಂಡಿನ ಹೆಸರಿಲ್ಲದಿದ್ದರೆ ಆ ಸರಕು ನಾಲ್ಕಾರು ಕೈ ದಾಟಿ ಬೆರೆತದ್ದು.

ನಾಲ್ಕನೆಯದು ತೂಕ, ಸುಳ್ಳು ಹೆಚ್ಚು ಸಿಗುವುದು ಇಲ್ಲೇ. ಪರವಾನಗಿಯಲ್ಲಿ ‘100 ಕಿಲೋ ಬೇರು’ ಎಂದಿದೆ, ಹಸಿಯೋ ಒಣಗಿದ್ದೋ ಬರೆದಿಲ್ಲ. ಕೋಟಾ ಹಸಿಯದ್ದಾಗಿದ್ದು ನಿಮ್ಮ ಗೋದಾಮಿಗೆ ಒಣಬೇರು 100 ಕಿಲೋ ಬಂದಿದ್ದರೆ, ಕಾಡಿನಿಂದ ಹೊರಟದ್ದು ಮುನ್ನೂರರಿಂದ ನಾನೂರು ಕಿಲೋ. ಹಸಿ ತೂಕ, ಒಣ ತೂಕ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡದ ಲಾಟನ್ನು ವಾಪಸು ಕಳಿಸಿ.